ಹಿರಿಯ ಬೆಳೆಗಾರರು ಬೀಳುವುದು ಹಣೆಬರಹವೇ?

ನಮ್ಮ ಸಂಘದ ಜಗಲಿಯಲ್ಲಿ ನಾಲ್ಕು ಜನ ಬೆಳೆಗಾರರು ಸೇರಿದರೆ ಮಾತು ಧಾರಣೆಯಿಂದ ಆರಂಭವಾಗಿ ಮಳೆಗೆ, ಮಳೆಯಿಂದ ಕೊಳೆಗೆ, ಕೊಳೆಯಿಂದ ಆಳುಗಳ ತಾಪತ್ರಯಕ್ಕೆ ಬಂದು ನಿಲ್ಲುತ್ತದೆ. ಎದ್ದು ಹೊರಡುವಾಗ ಯಾರಾದರೊಬ್ಬರು ಚೀಲವನ್ನು ಹೆಗಲಿಗೇರಿಸಿಕೊಳ್ಳುತ್ತ, "ಅಂದ ಹಾಗೆ, ಮೇಲಿನಕೇರಿ ಯಜಮಾನರು ಬಚ್ಚಲಲ್ಲಿ ಬಿದ್ದರಂತೆ, ಸೊಂಟ ಮುರಿದಿದೆಯಂತೆ" ಎನ್ನುತ್ತಾರೆ. "ಅಯ್ಯೋ ಪಾಪ, ವಯಸ್ಸಾಯಿತಲ್ಲ" ಎಂದು ಉಳಿದವರು ನಿಟ್ಟುಸಿರು ಬಿಡುತ್ತಾರೆ. ಅಲ್ಲಿಗೆ ವಿಷಯ ಮುಗಿಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಂಥ ಸುದ್ದಿ ಕೇಳದ ವರ್ಷವೇ ಇಲ್ಲ.

"ವಯಸ್ಸಾಯಿತಲ್ಲ" ಎಂಬ ಈ ಮಾತಿನ ಬಗ್ಗೆಯೇ ನನ್ನ ತಕರಾರು. ನಮ್ಮ ಅಜ್ಜಂದಿರ ಕಾಲದಲ್ಲಿ ಕೊಳೆರೋಗದ ಬಗ್ಗೆಯೂ ಹೆಚ್ಚುಕಡಿಮೆ ಇದೇ ಮಾತು ಇತ್ತು. ಕೊನೆಗೆ ಕೊಟ್ಟೆ ಕಟ್ಟಿ, ಮಿಕ್ಕಿದ್ದನ್ನು ದೇವರ ಮೇಲೆ ಭಾರ ಹಾಕಿ ಕುಳಿತುಕೊಳ್ಳುತ್ತಿದ್ದರು. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ 1910ರಲ್ಲಿ ಕೊಳೆರೋಗದ ಮೇಲೆ ವರದಿ ಪ್ರಕಟಿಸಿದರು. ಮಳೆಗೆ ಮುಂಚೆ ಬೋರ್ಡೋ ದ್ರಾವಣ ಹೊಡೆದರೆ ಫಸಲು ಉಳಿಯುತ್ತದೆ ಎಂಬುದು ಕ್ರಮೇಣ ನಮ್ಮವರಿಗೆ ಮನದಟ್ಟಾಯಿತು. ಈಗ ಯಾರ ತೋಟದಲ್ಲಾದರೂ ಕೊಳೆ ಬಂದರೆ ನಾವು "ಹಣೆಬರಹ" ಎನ್ನುವುದಿಲ್ಲ, "ಔಷಧಿ ತಡವಾಯಿತೇ?" ಎಂದು ಕೇಳುತ್ತೇವೆ. ಹಿರಿಯ ಗಂಡಸರು ಬಿದ್ದು ಮೂಳೆ ಮುರಿದುಕೊಳ್ಳುವ ವಿಷಯದಲ್ಲೂ ನಾವು ಇದೇ ಪ್ರಶ್ನೆಯನ್ನು ಕೇಳುವ ಕಾಲ ಬಂದಿದೆ.

ಇದನ್ನು ಬರೆಯಲು ನನಗೆ ಸ್ವಂತ ಕಾರಣವಿದೆ. ನನ್ನ ಅಣ್ಣನವರು ಅರವತ್ತು ವರ್ಷ ಒಂಟಿ ದಬ್ಬೆಯ ಸಂಕದ ಮೇಲೆ ಹೊರೆ ಹೊತ್ತು ಓಡಾಡಿದವರು. 2017ರಲ್ಲಿ ಮೆಟ್ಟಿಲಿನಲ್ಲಿ ಎಡವಿ ಕೈ ಊರಿದಾಗ ಅವರ ಮಣಿಕಟ್ಟು ಮುರಿಯಿತು. ಪಟ್ಟಣದ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿದರು, ಆರು ವಾರಕ್ಕೆ ಬಿಚ್ಚಿದರು. ನಿಂತ ಎತ್ತರದಿಂದ ಬಿದ್ದದ್ದಕ್ಕೇ ಮೂಳೆ ಏಕೆ ಮುರಿಯಿತು ಎಂದು ಅಲ್ಲಿ ಯಾರೂ ಕೇಳಲಿಲ್ಲ. ನಾವೂ ಕೇಳಲಿಲ್ಲ. ಉಬ್ಬಸಕ್ಕೆಂದು ಅವರು ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದುದು ಮನೆಯವರಿಗೆಲ್ಲ ಗೊತ್ತಿತ್ತು. ಆ ಮಾತ್ರೆಗೂ ಮೂಳೆಗೂ ಸಂಬಂಧವಿದೆ ಎಂಬುದು ಗೊತ್ತಿರಲಿಲ್ಲ. 2019ರ ಆಗಸ್ಟಿನಲ್ಲಿ, ರಾತ್ರಿ ನಾಯಿ ಬೊಗಳಿತೆಂದು ಅಂಗಳಕ್ಕೆ ಇಳಿದವರು ಪಾಚಿಯ ಮೇಲೆ ಜಾರಿದರು. ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಆದರೆ ಅವರು ಮತ್ತೆ ತೋಟಕ್ಕೆ ಇಳಿಯಲಿಲ್ಲ. ಆ ವರ್ಷ ಫಸಲನ್ನು ಗುತ್ತಿಗೆಗೆ ಕೊಟ್ಟೆವು. ಮುಂದಿನ ಕೊಯ್ಲಿನ ಹೊತ್ತಿಗೆ ಅವರು ಇರಲಿಲ್ಲ.

ಮರದ ಬುಡದಲ್ಲಿ ನಾಲ್ಕು ಕೊಳೆತ ಕಾಯಿ ಕಂಡರೆ ನಾವು ತಲೆಯೆತ್ತಿ ಕೊನೆಯನ್ನು ನೋಡುತ್ತೇವೆ. ಅಣ್ಣನ ಮುರಿದ ಮಣಿಕಟ್ಟು ಅಂಥ ಉದುರಿದ ಕಾಯಿಯೇ ಆಗಿತ್ತು. ನಾವು ತಲೆಯೆತ್ತಿ ನೋಡಲಿಲ್ಲ.

ಗಂಡಸಿನ ಮೂಳೆಯೂ ಟೊಳ್ಳಾಗುತ್ತದೆ

ಮೂಳೆ ಟೊಳ್ಳಾಗುವ ಕಾಯಿಲೆಗೆ ವೈದ್ಯರು ಆಸ್ಟಿಯೋಪೊರೋಸಿಸ್ ಎನ್ನುತ್ತಾರೆ. ಮಂಡಿ ಸವೆದು ನೋವು ಬರುವ ಕಾಯಿಲೆ ಬೇರೆ, ಇದು ಬೇರೆ. ಇದರಲ್ಲಿ ನೋವಿಲ್ಲ, ಬಾವು ಇಲ್ಲ. ಮುರಿಯುವವರೆಗೆ ಸುಳಿವೇ ಸಿಗದು.

ಮೂಳೆ ಒಣಕಂಬವಲ್ಲ, ಜೀವವಿರುವ ವಸ್ತು. ತೋಟದಲ್ಲಿ ಮಳೆಗೆ ಮೇಲ್ಮಣ್ಣು ಕೊಚ್ಚಿಹೋಗುತ್ತದೆ, ನಾವು ಹೊಸ ಮಣ್ಣು ಹಾಕುತ್ತೇವೆ. ಮೂಳೆಯಲ್ಲೂ ಹಳೆಯದು ಕರಗಿ ಹೊಸದು ಕೂಡುತ್ತಲೇ ಇರುತ್ತದೆ. ಸುಮಾರು ಮೂವತ್ತರ ವಯಸ್ಸಿನವರೆಗೆ ಕೂಡುವುದು ಹೆಚ್ಚು, ಆಮೇಲೆ ಕರಗುವುದು ಹೆಚ್ಚು. ಹೆಂಗಸರಲ್ಲಿ ಮುಟ್ಟು ನಿಂತ ಮೇಲಿನ ಕೆಲವು ವರ್ಷ ಈ ನಷ್ಟ ವೇಗವಾಗಿ ಆಗುವುದರಿಂದ ಇದು ಹೆಂಗಸರ ಕಾಯಿಲೆ ಎಂಬ ಭಾವನೆ ಬೆಳೆದಿದೆ. ಆದರೆ 65-70ರ ಹೊತ್ತಿಗೆ ಗಂಡಸರಲ್ಲೂ ಹೆಂಗಸರಲ್ಲೂ ಮೂಳೆ ಕರಗುವ ವೇಗ ಸಮನಾಗುತ್ತದೆ. ಜಗತ್ತಿನಲ್ಲಿ 50 ದಾಟಿದ ಗಂಡಸರಲ್ಲಿ ಐವರಿಗೊಬ್ಬರಿಗೆ ಉಳಿದ ಆಯುಸ್ಸಿನಲ್ಲಿ ಹೀಗೆ ಮೂಳೆ ಮುರಿಯುತ್ತದೆ ಎಂದು ಅಂತರರಾಷ್ಟ್ರೀಯ ಆಸ್ಟಿಯೋಪೊರೋಸಿಸ್ ಫೌಂಡೇಶನ್ ಅಂದಾಜು ಮಾಡಿದೆ. ಸೊಂಟದ ಮೂಳೆ ಮುರಿದ ಮೇಲೆ ಒಂದು ವರ್ಷದೊಳಗೆ ಸಾಯುವವರ ಪ್ರಮಾಣವಂತೂ ಹೆಂಗಸರಿಗಿಂತ ಗಂಡಸರಲ್ಲೇ ಹೆಚ್ಚು.

ಗಂಡಸರಲ್ಲಿ ಮೂಳೆ ಟೊಳ್ಳಾಗಲು ಅನೇಕ ವೇಳೆ ಬೇರೆ ಕಾರಣಗಳೂ ಸೇರಿಕೊಂಡಿರುತ್ತವೆ. ಉಬ್ಬಸ, ಸಂಧಿವಾತಗಳಿಗೆ ದೀರ್ಘಕಾಲ ನುಂಗಿದ ಸ್ಟೀರಾಯ್ಡ್, ಬೀಡಿ ಸಿಗರೇಟು, ಅತಿಯಾದ ಮದ್ಯಪಾನ, ಪುರುಷ ಹಾರ್ಮೋನಿನ ಕೊರತೆ, ಪ್ರಾಸ್ಟೇಟ್ ಕ್ಯಾನ್ಸರಿಗೆ ಕೊಡುವ ಹಾರ್ಮೋನ್ ತಡೆಯುವ ಚಿಕಿತ್ಸೆ, ಇವು ಮುಖ್ಯವಾದವು. ಯಾವುದೋ ಊರಿನ "ಪುಡಿ ಔಷಧಿ" ಎರಡೇ ದಿನದಲ್ಲಿ ಉಬ್ಬಸವನ್ನೋ ಗಂಟುನೋವನ್ನೋ ಮಾಯ ಮಾಡಿದರೆ ಅದರಲ್ಲಿ ಸ್ಟೀರಾಯ್ಡ್ ಇರಬಹುದೆಂದು ಅನುಮಾನಿಸುವುದು ಒಳ್ಳೆಯದು. ಆದರೆ ವೈದ್ಯರು ಬರೆದುಕೊಟ್ಟ ಸ್ಟೀರಾಯ್ಡನ್ನು ಇದನ್ನು ಓದಿ ತಟ್ಟನೆ ನಿಲ್ಲಿಸಬಾರದು. ಹಾಗೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಮೂಳೆಯ ರಕ್ಷಣೆಗೆ ಜೊತೆಯಲ್ಲಿ ಏನು ಮಾಡಬೇಕೆಂದು ಅವರನ್ನೇ ಕೇಳಬೇಕು.

ಇನ್ನೊಂದು ಗುರುತು ನಮ್ಮ ಪಂಚೆಯಲ್ಲೇ ಇದೆ. ಮೊದಲು ಸರಿಯಾಗಿದ್ದ ಪಂಚೆ ಈಗ ನೆಲ ಗುಡಿಸುತ್ತಿದ್ದರೆ, ಎತ್ತರ ಒಂದೂವರೆ ಅಂಗುಲದಷ್ಟು ತಗ್ಗಿದ್ದರೆ, ಬೆನ್ನು ಗೂನಾಗುತ್ತಿದ್ದರೆ, ಬೆನ್ನುಮೂಳೆಯ ಮಣಿಗಳು ಸದ್ದಿಲ್ಲದೆ ಕುಸಿದಿರಬಹುದು. ಗೊಬ್ಬರದ ಬುಟ್ಟಿ ಎತ್ತಿದಾಗ "ಚಳುಕು ಹಿಡಿಯಿತು" ಎಂದುಕೊಂಡದ್ದು ಕೆಲವೊಮ್ಮೆ ಮುರಿದ ಮಣಿಯೇ ಆಗಿರುತ್ತದೆ.

ಮೂಳೆಯ ಗಟ್ಟಿತನವನ್ನು ಅಳೆಯಲು ಡೆಕ್ಸಾ ಎಂಬ ಪರೀಕ್ಷೆ ದೊಡ್ಡ ಊರಿನ ಆಸ್ಪತ್ರೆಗಳಲ್ಲಿದೆ. ನೋವಿಲ್ಲದ, ಕೆಲವೇ ನಿಮಿಷಗಳ ಎಕ್ಸ್‌ರೇ ಅದು. ಉಚಿತ ಶಿಬಿರಗಳಲ್ಲಿ ಹಿಮ್ಮಡಿಗೆ ಯಂತ್ರ ಹಿಡಿದು ಹೇಳುವ ಲೆಕ್ಕವೇ ಅಂತಿಮವಲ್ಲ. ಕಾಯಿಲೆ ಇದೆಯೆಂದಾದರೆ ವಾರಕ್ಕೊಮ್ಮೆ ನುಂಗುವ ಮಾತ್ರೆಯಿದೆ, ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ ಚುಚ್ಚುಮದ್ದಿದೆ. ಯಾರಿಗೆ ಯಾವುದು ಎಂಬುದನ್ನು ವೈದ್ಯರು ನಿರ್ಧರಿಸಬೇಕು. ನಾನು ವೈದ್ಯನಲ್ಲ. ನಾನು ಹೇಳುವುದಿಷ್ಟೇ: 50 ದಾಟಿದ ಗಂಡಸಿಗೆ ಸಣ್ಣ ಬೀಳುವಿಕೆಯಲ್ಲಿ ಮೂಳೆ ಮುರಿದರೆ ಪ್ಲಾಸ್ಟರ್ ಹಾಕಿಸಿಕೊಂಡು ಸುಮ್ಮನೆ ಮನೆಗೆ ಬರಬೇಡಿ. "ನನ್ನ ಮೂಳೆ ಏಕೆ ಮುರಿಯಿತು?" ಎಂದು ಬಾಯಿಬಿಟ್ಟು ಕೇಳಿ.

ನಾವು ಬೀಳುವ ಜಾಗ

ಟೊಳ್ಳು ಮೂಳೆಯೂ ಬೀಳದಿದ್ದರೆ ಬಹುಪಾಲು ಮುರಿಯುವುದಿಲ್ಲ. ಆದುದರಿಂದ ಅರ್ಧ ಕೆಲಸ ನಮ್ಮ ಮನೆಯಲ್ಲೇ ಇದೆ. 65 ದಾಟಿದವರಲ್ಲಿ ಹೆಚ್ಚುಕಡಿಮೆ ಮೂವರಿಗೊಬ್ಬರು ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹೇಳುತ್ತದೆ. ಅಪಘಾತದ ಸಾವುಗಳಲ್ಲಿ ರಸ್ತೆಯ ನಂತರದ ಸ್ಥಾನ ಇದರದ್ದೇ.

ಬೀಳುವುದೆಂದರೆ ನಮಗೆ ನೆನಪಾಗುವುದು ಅಡಿಕೆ ಮರ, ಮೆಣಸು ಕೊಯ್ಯುವ ಏಣಿ. ಅಲ್ಲಿ ಎಚ್ಚರ ಬೇಕೇ ಬೇಕು. ಎಪ್ಪತ್ತು ದಾಟಿದವರು ಆಳು ಸಿಗಲಿಲ್ಲವೆಂದು ತಾವೇ ಏಣಿ ಹತ್ತುವುದನ್ನು ನಿಲ್ಲಿಸಬೇಕು. ಎರಡು ಕಿಲೋ ಮೆಣಸು ಬಳ್ಳಿಯಲ್ಲೇ ಉದುರಿದರೆ ಮನೆ ಮುಳುಗುವುದಿಲ್ಲ. ಆದರೆ ಹಿರಿಯರು ಹೆಚ್ಚಾಗಿ ಬೀಳುವುದು ಮರದಿಂದಲ್ಲ, ಸಮತಟ್ಟಾದ ನೆಲದಲ್ಲಿ, ದಿನವೂ ನಡೆದಾಡುವ ಜಾಗದಲ್ಲಿ.

ನಮ್ಮ ಹಳೆಯ ಮನೆಗಳನ್ನು ಒಮ್ಮೆ ಹೊರಗಿನವರಂತೆ ನೋಡಿ. ಎತ್ತರದ ಹೊಸ್ತಿಲು. ಗಾಜಿನಂತೆ ನುಣುಪಾದ ನೆಲ. ಸಾಬೂನಿನ ನೀರು ನಿಂತ ಬಚ್ಚಲ ಕಲ್ಲು. ಮನೆಯಿಂದ ಇಪ್ಪತ್ತು ಮಾರು ದೂರದ ಪಾಯಿಖಾನೆ. ಹಿಡಿಕೆಯಿಲ್ಲದ ಜಗಲಿ ಮೆಟ್ಟಿಲು. ಹೊರಗೆ ಬಂದರೆ ಪಾಚಿಗಟ್ಟಿದ ಅಂಗಳ. ತೋಟಕ್ಕಿಳಿದರೆ ಬಸಿಗಾಲುವೆಗೆ ಅಡ್ಡ ಹಾಕಿದ, ತುದಿ ಲಡ್ಡಾದ ಒಂಟಿ ದಬ್ಬೆ. ಕಾಫಿ ಬೆಳೆಗಾರರ ಮನೆಯಲ್ಲಾದರೆ ಕಣದ ಸಿಮೆಂಟು. ಮಳೆಗಾಲದಲ್ಲಿ ಅದೂ ಅಂಗಳದ ತಮ್ಮನೇ.

ಇವಕ್ಕೆ ಪರಿಹಾರವೂ ನಮ್ಮ ಕೈಯಳತೆಯಲ್ಲೇ ಇದೆ. ಮೇ ತಿಂಗಳಲ್ಲೊಮ್ಮೆ, ಮಳೆ ಬಿಡುವು ಕೊಟ್ಟಾಗ ಮತ್ತೊಮ್ಮೆ ಅಂಗಳದ ಕಾಲುದಾರಿಗೆ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿಸಿ. ಮನೆಯಿಂದ ಕೊಟ್ಟಿಗೆಗೆ, ಬಚ್ಚಲಿಗೆ ಹೋಗುವಷ್ಟಾದರೂ ಜಾಗಕ್ಕೆ ದಬ್ಬೆಯನ್ನು ಒತ್ತೊತ್ತಾಗಿ ಅಡ್ಡಲಾಗಿ ಹೊಡೆದು ಹಾದಿ ಮಾಡಿ. ಅದರ ಮೇಲೂ ಪಾಚಿ ಹಿಡಿಯುವುದರಿಂದ ಆಗಾಗ ತಿಕ್ಕಬೇಕು. ಸಂಕಕ್ಕೆ ಒಂದರ ಬದಲು ಮೂರು ದಬ್ಬೆ ಜೋಡಿಸಿ, ಒಂದು ಬದಿಗೆ ಕೈ ಹಿಡಿಯಲು ಗಳ ಕಟ್ಟಿ. ಬಚ್ಚಲಿನಲ್ಲಿಯೂ ಪಾಯಿಖಾನೆಯಲ್ಲಿಯೂ ಗೋಡೆಗೆ ಭದ್ರವಾದ ಕಬ್ಬಿಣದ ಹಿಡಿಕೆ ಹಾಕಿಸಿ. ಹೊಸ್ತಿಲಿಗೆ ಬಿಳಿ ಬಣ್ಣದ ಪಟ್ಟಿ ಬಳಿದರೆ ಮಬ್ಬಿನಲ್ಲೂ ಕಣ್ಣಿಗೆ ಕಾಣುತ್ತದೆ. ಅಡಿ ಸವೆದ ಹವಾಯಿ ಚಪ್ಪಲಿಯನ್ನು ಇವತ್ತೇ ಎಸೆಯಿರಿ. ಕರೆಂಟು ನಂಬುವ ಹಾಗಿಲ್ಲದ ನಮ್ಮ ಕಡೆ ದಿಂಬಿನ ಪಕ್ಕದಲ್ಲಿ ಟಾರ್ಚು ಇರಲೇಬೇಕು.

ರಾತ್ರಿ ಏಳುವ ವಿಷಯ ಗಂಡಸರಿಗೆ ವಿಶೇಷವಾಗಿ ಸಂಬಂಧಿಸಿದ್ದು. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾದವರು ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುತ್ತಾರೆ. ಅದಕ್ಕೆ ಕೊಡುವ ಕೆಲವು ಮಾತ್ರೆಗಳು, ರಕ್ತದೊತ್ತಡದ ಮಾತ್ರೆಗಳು, ನಿದ್ರೆ ಮಾತ್ರೆಗಳು ತಟ್ಟನೆ ಎದ್ದಾಗ ತಲೆ ತಿರುಗಿಸುತ್ತವೆ. ಎದ್ದವರು ಹಾಸಿಗೆಯ ಮೇಲೆ ಒಂದು ನಿಮಿಷ ಕುಳಿತು, ಕಾಲಾಡಿಸಿ, ಆಮೇಲೆ ನಿಲ್ಲಬೇಕು. ದೂರದ ಪಾಯಿಖಾನೆಗೆ ಕತ್ತಲಲ್ಲಿ ಹೋಗುವುದಕ್ಕಿಂತ ಮಂಚದ ಬಳಿ ಒಂದು ಪಾತ್ರೆ ಇಟ್ಟುಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ನುಂಗುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ವರ್ಷಕ್ಕೊಮ್ಮೆ ವೈದ್ಯರ ಮುಂದೆ ಸುರಿದು, "ಇವುಗಳಲ್ಲಿ ಯಾವುದಾದರೂ ನನ್ನನ್ನು ಬೀಳಿಸುತ್ತದೆಯೇ?" ಎಂದು ಕೇಳಬೇಕು. ಕಣ್ಣಿನ ಪೊರೆ "ಇನ್ನೂ ಬಲಿಯಲಿ" ಎಂದು ಕಾಯುವ ಕಾಲ ಹೋಯಿತು. ಕಾಣದಿದ್ದರೆ ತೆಗೆಸುವುದು ಉತ್ತಮ.

ಊಟ, ಬಿಸಿಲು, ಕಾಲಿನ ಬಲ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ಕನಿಷ್ಠ 1,000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನಾವು ಮಲೆನಾಡಿನವರು ಮೂರು ಹೊತ್ತೂ ಅಕ್ಕಿಯನ್ನೇ ನಂಬಿದವರು. ನೂರು ಗ್ರಾಂ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದ್ದರೆ ಅಷ್ಟೇ ರಾಗಿಯಲ್ಲಿ ಸುಮಾರು 350 ಇದೆ. ಬಯಲುಸೀಮೆಯವರ ಮುದ್ದೆಯನ್ನು ಕಂಡು ನಗುತ್ತಿದ್ದ ನಾವು ಈಗ ದಿನಕ್ಕೊಂದು ಹೊತ್ತು ರಾಗಿ ರೊಟ್ಟಿಯನ್ನೋ ಅಂಬಲಿಯನ್ನೋ ಒಪ್ಪಿಕೊಳ್ಳುವುದು ಜಾಣತನ. ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಇದೆ. ಎರಡು ಲೋಟದಷ್ಟು ಹಾಲು ಮೊಸರು, ನೂರು ಗ್ರಾಂ ರಾಗಿ, ಜೊತೆಗೆ ಎಳ್ಳಿನ ಚಟ್ನಿ, ನುಗ್ಗೆಸೊಪ್ಪಿನ ಪಲ್ಯ ಆದರೆ ಲೆಕ್ಕ ಹತ್ತಿರ ಬಂತು. ಡೈರಿಗೆ ಹಾಲು ಹಾಕಿ ಮನೆಯ ಹಿರಿಯರಿಗೆ ನೀರುಮಜ್ಜಿಗೆ ಕೊಡುವ ಪದ್ಧತಿಯನ್ನು ಮಾತ್ರ ಬಿಡಬೇಕು. ಬೇಳೆ ಕಾಳು, ತಿನ್ನುವವರಿಗೆ ಮೊಟ್ಟೆ ಮೀನು, ಇವು ಮಾಂಸಖಂಡದ ಬಲಕ್ಕೆ ಅಗತ್ಯ.

ನಮ್ಮ ಎರಡು ಬೆಳೆಗಳ ಬಗ್ಗೆಯೂ ಒಂದು ಮಾತು. ಕಾಫಿ ದೇಹದಿಂದ ಸ್ವಲ್ಪ ಕ್ಯಾಲ್ಸಿಯಂ ಹೊರಹಾಕುವುದು ನಿಜ, ಆದರೆ ಅದು ಅತ್ಯಲ್ಪ. ದಿನಕ್ಕೆ ಎರಡು ಮೂರು ಲೋಟ ಹಾಲು ಬೆರೆಸಿದ ಕಾಫಿಗೆ ಯಾರೂ ಹೆದರಬೇಕಾಗಿಲ್ಲ. ಇನ್ನು ಕವಳದ ಸುಣ್ಣದಿಂದ ಮೂಳೆ ಗಟ್ಟಿಯಾಗುತ್ತದೆ ಎಂಬ ಮಾತನ್ನು ನಂಬಿ ಕೂರಬೇಡಿ. ಬಾಯಿಯ ಕ್ಯಾನ್ಸರಿಗೆ ಕಾರಣವೆಂದು ನಮಗೆಲ್ಲ ಗೊತ್ತಿರುವ ತಂಬಾಕು ಮೂಳೆಗೂ ಮಿತ್ರನಲ್ಲ.

ಕ್ಯಾಲ್ಸಿಯಂ ಮೈಗೆ ಹತ್ತಲು ವಿಟಮಿನ್ ಡಿ ಬೇಕು, ಅದಕ್ಕೆ ಬಿಸಿಲು ಬೇಕು. "ದಿನವಿಡೀ ತೋಟದಲ್ಲಿರುವ ನಮಗೆ ಬಿಸಿಲಿಗೇನು ಬರ" ಎನ್ನಬಹುದು. ಅಡಿಕೆ ತೋಟದ ಒಳಗೂ ಮರಗಸಿ ಆಗದ ಕಾಫಿ ತೋಟದ ಒಳಗೂ ನಡು ಮಧ್ಯಾಹ್ನವೇ ಮಬ್ಬು. ಮಳೆಗಾಲದ ನಾಲ್ಕು ತಿಂಗಳು ಮೋಡ, ಮೈಮೇಲೆ ಕಂಬಳಿಕೊಪ್ಪೆ. ಎಳೆಬಿಸಿಲಿನಲ್ಲಿ ಈ ಶಕ್ತಿ ಕಡಿಮೆ. ಹನ್ನೊಂದರಿಂದ ಎರಡು ಗಂಟೆಯೊಳಗಿನ ಬಿಸಿಲಿನಲ್ಲಿ ಹೆಚ್ಚು. ಮಳೆ ಹೊಳವಾದ ದಿನಗಳಲ್ಲಿ ಕೈಕಾಲು ಬೆನ್ನಿಗೆ ಸ್ವಲ್ಪ ಹೊತ್ತು ಅಂಥ ಬಿಸಿಲು ಬೀಳಲಿ, ತಲೆಗೆ ಮುಂಡಾಸಿರಲಿ. ರಕ್ತಪರೀಕ್ಷೆಯಲ್ಲಿ ಕೊರತೆ ಕಂಡರೆ ವೈದ್ಯರು 60,000 ಯೂನಿಟ್ಟಿನ ಗುಳಿಗೆಯನ್ನೋ ಪುಡಿಯನ್ನೋ ಬರೆಯುತ್ತಾರೆ. ಅದನ್ನು ಹೇಳಿದಷ್ಟು ವಾರ ಮಾತ್ರ ತೆಗೆದುಕೊಳ್ಳಬೇಕು. ಮೈಲುತುತ್ತ ಹೆಚ್ಚಾದರೆ ಎಲೆ ಸುಡುವ ಹಾಗೆ ಇದೂ ಅತಿಯಾದರೆ ವಿಷ.

ಎಲ್ಲಕ್ಕಿಂತ ಅಗ್ಗದ ಔಷಧಿ ಕಾಲಿನ ಬಲ. ಸಮತೋಲನದ ಮತ್ತು ಕಾಲಿಗೆ ಬಲ ಕೊಡುವ ವ್ಯಾಯಾಮ ಮಾಡುವ ಹಿರಿಯರಲ್ಲಿ ಬೀಳುವುದು ಸುಮಾರು ಕಾಲು ಭಾಗದಷ್ಟು ಕಡಿಮೆಯಾಗುತ್ತದೆ ಎಂದು 2019ರಲ್ಲಿ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದವರು ಕಂಡುಕೊಂಡರು. ಮನೆಯಲ್ಲೇ ಪರೀಕ್ಷಿಸಿಕೊಳ್ಳಿ. ಕುರ್ಚಿಯಿಂದ ಎದ್ದು, ಹತ್ತು ಅಡಿ ನಡೆದು, ತಿರುಗಿ ಬಂದು ಕುಳಿತುಕೊಳ್ಳಿ. ಮೊಮ್ಮಗ ಗಡಿಯಾರ ನೋಡಲಿ. ಹನ್ನೆರಡು ಸೆಕೆಂಡಾದರೂ ಕುಳಿತಾಗದಿದ್ದರೆ ನೀವು ಬೀಳುವ ಸಾಲಿನಲ್ಲಿದ್ದೀರಿ ಎಂದು ತಿಳಿಯಬೇಕು. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಕಂಬ ಹಿಡಿದು ಒಂಟಿ ಕಾಲಿನಲ್ಲಿ ನಿಲ್ಲುವುದು, ಗೋಡೆಯ ಪಕ್ಕದಲ್ಲಿ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಒಂದೇ ಗೆರೆಯಲ್ಲಿ ನಡೆಯುವುದು, ಇಷ್ಟನ್ನು ದಿನವೂ ಮಾಡಿದರೆ ಸಾಕು. ತೋಟ ಸುತ್ತುವುದು ಒಳ್ಳೆಯದೇ, ಆದರೆ ಬರಿಯ ನಡಿಗೆ ಸಮತೋಲನ ಕಲಿಸುವುದಿಲ್ಲ.

ಬಿದ್ದರೆ

ಇಷ್ಟಾದರೂ ಯಾರಾದರೂ ಬಿದ್ದರೆ ಕೂಡಲೇ ರೆಟ್ಟೆ ಹಿಡಿದು ಎಬ್ಬಿಸಬೇಡಿ. ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ವಾಲಿದ್ದರೆ ಸೊಂಟದ ಮೂಳೆ ಮುರಿದಿದೆ ಎಂದೇ ತಿಳಿಯಿರಿ. ಎಣ್ಣೆ ಹಚ್ಚಿ ತಿಕ್ಕಬಾರದು. ಅಗಲವಾದ ಹಲಗೆಯ ಮೇಲೆ ಅಲುಗಾಡದಂತೆ ಮಲಗಿಸಿ 108ಕ್ಕೆ ಫೋನ್ ಮಾಡಬೇಕು. ಕೈಮೂಳೆಗೆ ಕಟ್ಟು ಕಟ್ಟಿಸಿ ವಾಸಿಯಾದವರು ಇರಬಹುದು, ಆದರೆ ಸೊಂಟದ ಮೂಳೆ ಹೊರಗಿನ ಕಟ್ಟಿಗೆ ಕೂಡುವಂಥದಲ್ಲ. ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ಬೇಕು, ಅದೂ ಸಾಧ್ಯವಾದರೆ ಒಂದೆರಡು ದಿನದೊಳಗೆ. ಹಾಸಿಗೆ ಹಿಡಿದಷ್ಟೂ ದಿನ ಶ್ವಾಸಕೋಶದ ಸೋಂಕು, ಬೆನ್ನುಹುಣ್ಣು, ರಕ್ತ ಹೆಪ್ಪುಗಟ್ಟುವಿಕೆಗಳು ಕಾದಿರುತ್ತವೆ. ಅನೇಕರ ಪ್ರಾಣ ತೆಗೆಯುವುದು ಮುರಿದ ಮೂಳೆಯಲ್ಲ, ಈ ಮಲಗುವಿಕೆ.

ಸಂಘ ಮಾಡಬಹುದಾದದ್ದು

"ಅಡಿಕೆ ಕಾಫಿ ಮಾರುವ ಸಂಘಕ್ಕೆ ಮುದುಕರ ಮೂಳೆಯ ಉಸಾಬರಿ ಏಕೆ?" ಎಂದು ಕೇಳುವವರಿದ್ದಾರೆ. ನಮ್ಮ ಮಹಾಸಭೆಯಲ್ಲಿ ಒಮ್ಮೆ ಹಿಂತಿರುಗಿ ಸಾಲುಗಳನ್ನು ನೋಡಿ. ಬಿಳಿ ತಲೆಗಳೇ ಹೆಚ್ಚು. ಮಕ್ಕಳು ಬೆಂಗಳೂರಿನಲ್ಲಿ, ಅದರಾಚೆಗೆ. ಎಷ್ಟೋ ಮನೆಗಳಲ್ಲಿ ಉಳಿದಿರುವುದು ಗಂಡ ಹೆಂಡತಿ ಇಬ್ಬರೇ. ಅವರಲ್ಲೊಬ್ಬರು ಬಿದ್ದರೆ ಆ ತೋಟ ಗುತ್ತಿಗೆಗೆ, ಗುತ್ತಿಗೆಯಿಂದ ಮಾರಾಟಕ್ಕೆ ಹೋಗುವುದನ್ನು ನಾವು ಕಣ್ಣಾರೆ ಕಾಣುತ್ತಿದ್ದೇವೆ. ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಯಾವ ಮರಕ್ಕೆ ಮೊದಲು ಕೊಳೆ ಬರುತ್ತದೆ ಎಂಬ ತಿಳಿವಳಿಕೆ ಆ ಯಜಮಾನರ ಜೊತೆಯಲ್ಲೇ ಮಲಗುತ್ತದೆ. ಸದಸ್ಯ ಉಳಿಯದಿದ್ದರೆ ಸಂಘ ಯಾರಿಗಾಗಿ?

ಆದುದರಿಂದ ಆಡಳಿತ ಮಂಡಳಿಯ ಮುಂದೆ ನಾಲ್ಕು ಸಲಹೆಗಳನ್ನಿಡುತ್ತೇನೆ. ಮೊದಲನೆಯದು, ಮೇ ತಿಂಗಳಲ್ಲಿ ಮೈಲುತುತ್ತ, ಸುಣ್ಣ ತರಿಸುವಾಗಲೇ ಬ್ಲೀಚಿಂಗ್ ಪುಡಿ, ಗೋಡೆಯ ಹಿಡಿಕೆ, ತುದಿಗೆ ರಬ್ಬರಿರುವ ಊರುಗೋಲುಗಳನ್ನು ಸಗಟು ದರದಲ್ಲಿ ತರಿಸಿ ಮಳಿಗೆಯಲ್ಲಿಡಬೇಕು. ಎರಡನೆಯದು, ಮಳೆಗೆ ಮುಂಚೆ ಒಂದು ದಿನ ವೈದ್ಯರನ್ನೂ ಫಿಸಿಯೋಥೆರಪಿ ಬಲ್ಲವರನ್ನೂ ಕರೆಸಿ ಹಿರಿಯ ಸದಸ್ಯರ ನಡಿಗೆ, ಮಾತ್ರೆ, ಕಣ್ಣುಗಳನ್ನು ನೋಡಿಸಬೇಕು. ಬೇಕಾದವರನ್ನು ಒಂದೇ ವ್ಯಾನಿನಲ್ಲಿ ಡೆಕ್ಸಾ ಪರೀಕ್ಷೆಗೆ ಕಳುಹಿಸಬೇಕು. ಮೂರನೆಯದು, ಸಹಕಾರಿಗಳಿಗಾಗಿಯೇ 2003ರಲ್ಲಿ ಆರಂಭವಾಗಿ, ನಡುವೆ ನಿಂತು, 2022-23ರಲ್ಲಿ ಮತ್ತೆ ಆರಂಭವಾದ ಯಶಸ್ವಿನಿ ಯೋಜನೆಯಲ್ಲಿ ಮೂಳೆಯ ಯಾವ ಶಸ್ತ್ರಚಿಕಿತ್ಸೆಗಳು ಸೇರಿವೆ, ಯಾವ ಆಸ್ಪತ್ರೆಗೆ ಹೋಗಬೇಕು ಎಂಬ ವಿವರವನ್ನು ಕಾರ್ಯದರ್ಶಿಗಳು ನೋಟೀಸು ಬೋರ್ಡಿನಲ್ಲಿ ಹಾಕಬೇಕು. ಬಿದ್ದ ರಾತ್ರಿ ಇದನ್ನು ಹುಡುಕಲು ಆಗುವುದಿಲ್ಲ. ನಾಲ್ಕನೆಯದಕ್ಕೆ ಖರ್ಚೇ ಇಲ್ಲ. ಇಬ್ಬರೇ ಇರುವ ಮನೆಗಳ ಪಟ್ಟಿ ಮಾಡಿ, ಪ್ರತಿದಿನ ಬೆಳಿಗ್ಗೆ ಒಬ್ಬರು ಫೋನ್ ಮಾಡಿ ವಿಚಾರಿಸುವ ಏರ್ಪಾಡಾಗಬೇಕು. ಡೈರಿಗೆ ಹಾಲು ಬಾರದಿದ್ದರೆ ಅಲ್ಲಿಯ ಹುಡುಗ ಒಂದು ಮಾತು ತಿಳಿಸಿದರೂ ಸಾಕು. ಬಿದ್ದವರು ತಣ್ಣನೆಯ ನೆಲದ ಮೇಲೆ ಮಧ್ಯಾಹ್ನದವರೆಗೆ ಯಾರೂ ಕಾಣದೆ ಬಿದ್ದಿರುವುದು ತಪ್ಪುತ್ತದೆ.

ಕೊನೆಯದಾಗಿ ನನ್ನ ಓರಗೆಯ ಗಂಡಸರಿಗೆ ಒಂದು ಮಾತು. ಹೆಂಡತಿ "ಕೋಲು ತಗೊಳ್ಳಿ" ಎಂದರೆ ನಮಗೆ ಸಿಟ್ಟು ಬರುತ್ತದೆ. ಮಗ ಬಚ್ಚಲಿಗೆ ಹಿಡಿಕೆ ಹಾಕಿಸುತ್ತೇನೆಂದರೆ "ನಾನೇನು ರೋಗಿಯಾ?" ಎನ್ನುತ್ತೇವೆ. ಅಣ್ಣನವರೂ ಹಾಗೆಯೇ ಅನ್ನುತ್ತಿದ್ದರು. ಎಳೆಯ ಗಿಡಕ್ಕೆ ಆಸರೆಗೋಲು ಕೊಡಲು, ಬಾಳೆಗೆ ಊರೆ ಕೊಡಲು ನಾವು ನಾಚುವುದಿಲ್ಲ. ಗೊನೆ ಹೊತ್ತ ಬಾಳೆಗೇ ಊರೆ ಬೇಕಾಗುವುದು, ಗೊನೆಯಿಲ್ಲದ್ದಕ್ಕಲ್ಲ. ನಮ್ಮ ಮನೆಯ ಬಚ್ಚಲಿಗೆ ನಾನು ಹಿಡಿಕೆ ಹಾಕಿಸಿದ್ದೇನೆ. ಅಂಗಳದ ದಬ್ಬೆಯ ಹಾದಿಯನ್ನು ಪ್ರತಿ ವರ್ಷ ಮೇ ತಿಂಗಳಲ್ಲೇ ಹೊಡೆಸುತ್ತೇನೆ. ಸದಸ್ಯ ಬಾಂಧವರು ಈ ಸಲದ ಮಳೆ ಹಿಡಿಯುವ ಮೊದಲೇ ತಮ್ಮ ಅಂಗಳವನ್ನು ಒಮ್ಮೆ ನೋಡಿಕೊಳ್ಳಬೇಕಾಗಿ ವಿನಂತಿ.